ಹಿರಿತನದ ಪಟ್ಟಿಯೂ ವಾರ್ಡಿನ ಗುರುವೂ

ಶುಶ್ರೂಷಾ ವಿದ್ಯಾರ್ಥಿನಿಯೊಬ್ಬಳು ತರಗತಿಯ ಬೆಂಚನ್ನು ಬಿಟ್ಟು ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟಾಗ ಅಲ್ಲಿ ಅವಳ ಕೈಹಿಡಿದು ನಡೆಸತಕ್ಕವರು ಯಾರು ಎಂಬ ಪ್ರಶ್ನೆಗೆ ನಮ್ಮ ಸೀಮೆಯ ಆಸ್ಪತ್ರೆಗಳಲ್ಲಿಯೂ ನರ್ಸಿಂಗ್ ಶಾಲೆಗಳಲ್ಲಿಯೂ ಬಹುಕಾಲದಿಂದ ಸಿದ್ಧವಾಗಿರುವ ಉತ್ತರವೊಂದುಂಟು. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಯಾರೋ ಅವರೇ ಮೆಂಟರ್. ಅವರು ರಜೆಯಲ್ಲಿದ್ದರೆ ಸೇವಾಪಟ್ಟಿಯಲ್ಲಿ ಅವರ ಕೆಳಗಿರುವವರು. ಅವರೂ ಇಲ್ಲದಿದ್ದರೆ ಆ ಹೊತ್ತಿಗೆ ಡ್ಯೂಟಿಯ ಮೇಲಿರುವವರು. ಇಪ್ಪತ್ತು ವರ್ಷ ರೋಗಿಗಳ ನಡುವೆ ಓಡಾಡಿದವರಿಗೆ ಕಲಿಸುವ ಯೋಗ್ಯತೆ ತಾನಾಗಿಯೇ ಬಂದಿರುತ್ತದೆ, ಕಲಿಸುವುದು ಸೇವೆಯೊಳಗೇ ಅಡಕವಾದ ಕರ್ತವ್ಯವಾದುದರಿಂದ ಅದಕ್ಕೆ ಬೇರೆ ಹೊತ್ತಾಗಲಿ ಬೇರೆ ವೇತನವಾಗಲಿ ಬೇಡ, ಹುಡುಗಿಯರಾದರೂ ಕೆಲಸ ಮಾಡುತ್ತ ಮಾಡುತ್ತ ಹೇಗೂ ಕಲಿತುಕೊಳ್ಳುತ್ತಾರೆ ಎಂಬ ನಂಬಿಕೆ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸಿದವರನ್ನು ಹಿರಿಯರಿಗೆ ಅಗೌರವ ತೋರಿಸುವವರೆಂದು ಭಾವಿಸುವುದುಂಟು. ಆ ಅಪವಾದವನ್ನು ಹೊರಲು ಸಿದ್ಧನಾಗಿಯೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ. ಈ ನಂಬಿಕೆ ತಪ್ಪಾದುದು. ಇದರಿಂದ ವಿದ್ಯಾರ್ಥಿನಿಗೂ ಹಾನಿ, ಹಿರಿಯ ಸಿಸ್ಟರಿಗೂ ಅನ್ಯಾಯ. ಇವೆರಡಕ್ಕಿಂತ ಮಿಗಿಲಾಗಿ, ಇದರ ಬೆಲೆಯನ್ನು ಕಡೆಗೆ ತೆರತಕ್ಕವನು ಹಾಸಿಗೆಯ ಮೇಲೆ ಮಲಗಿರುವ ರೋಗಿ.

ಉದಗೀರ, ನಿಲಂಗಾ, ಉಮರ್ಗಾಗಳ ಕಡೆಯಿಂದ ನೋಡಿದರೆ ಈ ಪ್ರಶ್ನೆಗೆ ದೊಡ್ಡ ನಗರಗಳಲ್ಲಿ ಇಲ್ಲದ ಒಂದು ತೀವ್ರತೆ ಬರುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉದಗೀರವೂ ನಿಲಂಗೆಯೂ ಹೈದರಾಬಾದು ರಾಜ್ಯದ ಬೀದರ್ ಜಿಲ್ಲೆಯ ತಾಲೂಕುಗಳಾಗಿದ್ದುವು. ಆ ವರ್ಷ ಜಿಲ್ಲೆ ಒಡೆದು ಭಾಲ್ಕಿ, ಔರಾದಗಳು ಮೈಸೂರಿನ ಕಡೆಗೂ ಇವೆರಡು ಮುಂಬಯಿ ರಾಜ್ಯದ ಕಡೆಗೂ ಸರಿದುವು. ಗಡಿ ಸರಿದರೂ ರೋಗಿಗಳ ದಾರಿ ಬದಲಾಗಲಿಲ್ಲ. ಕಮಲನಗರದಿಂದ ರೈಲು ಹತ್ತಿದ ರೈತ ಬೀದರಿಗೆ ಹೋಗುವುದಕ್ಕಿಂತ ಬೇಗ ಉದಗೀರಕ್ಕೆ ಬಂದಿಳಿಯುತ್ತಾನೆ. ಉಮರ್ಗಾದ ಹಳ್ಳಿಯವರು ಕೆಲವು ಸಲ ಬಸವಕಲ್ಯಾಣದತ್ತ, ಕೆಲವು ಸಲ ಸೊಲ್ಲಾಪುರದತ್ತ ಹೊರಡುತ್ತಾರೆ. ರೋಗ ಬಲಿತರೆ ಲಾತೂರು, ಅಂಬಾಜೋಗಾಯಿಗಳು. ಇಂತಹ ಊರುಗಳ ಆಸ್ಪತ್ರೆಗಳಿಗೆ ಬರುವ ನರ್ಸಿಂಗ್ ವಿದ್ಯಾರ್ಥಿನಿಯರು ಬಹುಪಾಲು ಸಣ್ಣ ಹಿಡುವಳಿಯ ರೈತರ, ಕೂಲಿಕಾರರ ಮಕ್ಕಳು. ತಮ್ಮ ಮನೆತನದಲ್ಲಿ ಆಸ್ಪತ್ರೆಯನ್ನು ರೋಗಿಯಾಗಿಯಲ್ಲದೆ ಬೇರೆ ಬಗೆಯಲ್ಲಿ ಹೊಕ್ಕ ಮೊದಲಿಗರು. ಅವರಿಗೆ ಮನೆಯಲ್ಲಿ ಕೇಳಿ ತಿಳಿಯುವುದಕ್ಕೆ ವೈದ್ಯರಾದ ಚಿಕ್ಕಪ್ಪನಿಲ್ಲ, ನರ್ಸಾದ ಅಕ್ಕನಿಲ್ಲ. ವಾರ್ಡಿನಲ್ಲಿ ಅವರಿಗೆ ಯಾರು ದೊರೆಯುತ್ತಾರೋ ಅವರೇ ಆ ವಿದ್ಯೆಗೆ ಬಾಗಿಲು. ಹೀಗಿರುವಲ್ಲಿ ಆ ಒಬ್ಬರು ಯಾರೆಂಬುದನ್ನು ಪಟ್ಟಿಯ ಯಾಂತ್ರಿಕ ಕ್ರಮಕ್ಕೆ ಬಿಟ್ಟುಬಿಡುವುದು ಅಕ್ಷಮ್ಯವೆಂದೇ ನಾನು ಹೇಳುವೆನು.

ಮೊದಲು ಹಿರಿತನದ ವಾದವನ್ನು ಪರೀಕ್ಷಿಸೋಣ. ಅನುಭವದಿಂದ ಜ್ಞಾನ ಬರುತ್ತದೆ ಎಂಬುದರಲ್ಲಿ ವಿವಾದವಿಲ್ಲ. ಆದರೆ ಅನುಭವದಿಂದ ಬಂದ ಜ್ಞಾನ ಮಾತಿಗೆ ದೂರವಾಗುತ್ತ ಹೋಗುತ್ತದೆಂಬುದನ್ನು ಈ ವಾದದವರು ಗಮನಿಸಿಲ್ಲ. ಐವತ್ತು ವರ್ಷ ಅಡುಗೆ ಮಾಡಿದ ಅಜ್ಜಿಯನ್ನು ಉಪ್ಪು ಎಷ್ಟೆಂದು ಕೇಳಿದರೆ ಕೈ ತೋರಿಸುತ್ತಾಳೆಯೇ ಹೊರತು ಅಳತೆ ಹೇಳಲಾರಳು. ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಎಂಬ ವಿದುಷಿ 1984ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ದಾದಿಯ ಬೆಳವಣಿಗೆಯನ್ನು ಹೊಸಬಳಿಂದ ನಿಷ್ಣಾತಳವರೆಗೆ ಐದು ಘಟ್ಟಗಳಾಗಿ ವಿಂಗಡಿಸಿದರು. ಅದರಲ್ಲಿ ನನಗೆ ಬಹು ಮುಖ್ಯವಾಗಿ ಕಾಣುವುದು ಇದು: ಹೊಸಬಳು ನಿಯಮಗಳನ್ನು ಹಿಡಿದು ನಡೆಯುತ್ತಾಳೆ. ನಿಷ್ಣಾತಳು ನಿಯಮಗಳನ್ನು ದಾಟಿ, ಇಡೀ ಸನ್ನಿವೇಶವನ್ನು ಒಂದೇ ನೋಟದಲ್ಲಿ ಗ್ರಹಿಸುತ್ತಾಳೆ, ಆದರೆ ಹೇಗೆ ಗ್ರಹಿಸಿದೆನೆಂದು ಬಿಡಿಸಿ ಹೇಳುವುದು ಅವಳಿಗೆ ಕಷ್ಟವಾಗುತ್ತದೆ. ಒಂದೇ ಬಗೆಯ ವಾರ್ಡಿನಲ್ಲಿ ಎರಡು ಮೂರು ವರ್ಷ ದುಡಿದು ಸಮರ್ಥಳೆನಿಸಿಕೊಂಡವಳು ಮಧ್ಯದ ಘಟ್ಟದಲ್ಲಿದ್ದಾಳೆ. ತಾನು ಎಲ್ಲಿ ಎಡವಿದ್ದೆನೆಂಬುದು ಅವಳಿಗಿನ್ನೂ ನೆನಪಿದೆ. ಹೊಸಬಳು ಯಾವ ಹೆಜ್ಜೆಯಲ್ಲಿ ಎಡವುವಳೆಂಬುದನ್ನು ಅವಳು ಮುಂಚೆಯೇ ಕಾಣಬಲ್ಲಳು. ಕಲಿಸುವ ಕೆಲಸಕ್ಕೆ ಇಂತಹವಳು ಹಲವು ವೇಳೆ ನಿಷ್ಣಾತಳಿಗಿಂತ ಸಮೀಪದವಳಾಗಿರುತ್ತಾಳೆ.

ಒಂದು ದೃಷ್ಟಾಂತವನ್ನು ಹತ್ತಿರದಿಂದ ನೋಡಬೇಕು. ಮಳೆಗಾಲದಲ್ಲಿ ತೊಗರಿ, ಸೋಯಾಬೀನಿನ ಹೊಲಗಳಿಂದ ಹಾವು ಕಚ್ಚಿದವರನ್ನು ನಮ್ಮ ಆಸ್ಪತ್ರೆಗಳಿಗೆ ಹೊತ್ತು ತರುವುದು ಸಾಮಾನ್ಯ. ಕಚ್ಚಿದ್ದು ಕೊಳಕುಮಂಡಲವೋ, ಅಂದರೆ ಇಲ್ಲಿಯ ಮರಾಠಿಯವರು ಘೋಣಸ ಎನ್ನುವ ಹಾವೋ, ಅದರ ವಿಷ ರಕ್ತವನ್ನು ಕೆಡಿಸಿದೆಯೋ ಎಂದು ತಿಳಿಯುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ. ರೋಗಿಯ ರಕ್ತನಾಳದಿಂದ 2 ಮಿಲಿಲೀಟರು ರಕ್ತವನ್ನು ತೆಗೆದು, ಒಣಗಿದ ಶುಭ್ರವಾದ ಗಾಜಿನ ನಳಿಗೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ಮಾತ್ರ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಏರಿದೆಯೆಂದು ಅರ್ಥ, ಪ್ರತಿವಿಷ ಬೇಕೇ ಎಂಬ ನಿರ್ಣಯ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿದೆ. ಕೇಳುವುದಕ್ಕೆ ಎಷ್ಟು ಸುಲಭ! ಆದರೆ ನಳಿಗೆಯನ್ನು ಸಾಬೂನಿನಿಂದ ತೊಳೆದಿದ್ದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಹೋದೀತು. ಪ್ಲಾಸ್ಟಿಕ್ಕಿನದಾದರೆ ಫಲಿತಾಂಶವನ್ನು ನಂಬುವಂತಿಲ್ಲ. ಹತ್ತನೆಯ ನಿಮಿಷಕ್ಕೆ ಕುತೂಹಲದಿಂದ ಅಲುಗಿಸಿದರೆ ಪರೀಕ್ಷೆಯೇ ಕೆಟ್ಟಿತು. ಹಿರಿಯ ಸಿಸ್ಟರ್ ಈ ಪರೀಕ್ಷೆಯನ್ನು ಯೋಚನೆಯಿಲ್ಲದೆ ಸರಿಯಾಗಿ ಮಾಡುತ್ತಾರೆ, ಆದುದರಿಂದಲೇ ‘ನಳಿಗೆಯಲ್ಲಿ ಹಾಕಿಡು’ ಎಂದು ಹೇಳಿ ಮುಂದಕ್ಕೆ ಹೋಗುತ್ತಾರೆ. ಯಾವ ನಳಿಗೆ, ಏಕೆ ಅಲುಗಿಸಬಾರದು, ಹೊತ್ತನ್ನು ಎಲ್ಲಿ ಬರೆಯಬೇಕು ಎಂಬುದನ್ನು ಹೇಳಿಕೊಡುವವಳು, ಹಿಂದೆ ಎಂದೋ ತಾನೇ ತಪ್ಪು ನಳಿಗೆಯನ್ನು ಎತ್ತಿಕೊಂಡು ಯಾರೋ ತಡೆದುದರಿಂದ ಉಳಿದವಳು. ಆ ‘ಯಾರೋ’ ಇದ್ದರೆ ಒಂದು ಜೀವ. ಇಲ್ಲದಿದ್ದರೆ ಕೇಸ್‌ಪೇಪರಿನ ಮೇಲೆ ಒಂದು ತಪ್ಪು ಅಕ್ಷರ, ಅದರ ಹಿಂದೆ ತಪ್ಪು ಚಿಕಿತ್ಸೆ.

ಹಿರಿಯರಿಗೆ ಗುರುಸ್ಥಾನವನ್ನು ಕೊಡುವುದು ನಮ್ಮ ಸಂಪ್ರದಾಯವಲ್ಲವೇ ಎಂದು ಕೇಳುವವರಿದ್ದಾರೆ. ಸಂಪ್ರದಾಯವನ್ನು ಸಾಕ್ಷಿಗೆ ಕರೆಯುವುದಾದರೆ ಪೂರ್ತಿಯಾಗಿ ಕರೆಯಬೇಕು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯವಿದ್ಯೆಯನ್ನು ಬಯಸುವವನು ಮೊದಲು ಶಾಸ್ತ್ರವನ್ನೂ ಆಮೇಲೆ ಆಚಾರ್ಯನನ್ನೂ ಪರೀಕ್ಷಿಸಿ ಆರಿಸಿಕೊಳ್ಳಬೇಕೆಂದು ವಿಧಿಸಿದೆ. ಅಲ್ಲಿ ಹೇಳಿದ ಆಚಾರ್ಯಗುಣಗಳಲ್ಲಿ ಶಾಸ್ತ್ರಜ್ಞಾನವಿದೆ, ಕರ್ಮವನ್ನು ಕಣ್ಣಾರೆ ಕಂಡು ಮಾಡಿದ ಪರಿಚಯವಿದೆ, ಶಿಷ್ಯವಾತ್ಸಲ್ಯವಿದೆ, ತಿಳಿದುದನ್ನು ತಿಳಿಯುವಂತೆ ಹೇಳುವ ಸಾಮರ್ಥ್ಯವೂ ಪ್ರತ್ಯೇಕವಾಗಿ ಎಣಿಕೆಯಲ್ಲಿದೆ. ಕರ್ಮಕೌಶಲ ಬೇರೆ, ಬೋಧನಸಾಮರ್ಥ್ಯ ಬೇರೆ ಎಂಬುದನ್ನು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು. ಅದೇ ಗ್ರಂಥ ವೈದ್ಯ, ಔಷಧ, ರೋಗಿ ಇವರ ಸಾಲಿನಲ್ಲಿ ಶುಶ್ರೂಷಕನನ್ನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದಾಗಿ ನಿಲ್ಲಿಸಿತು. ಇನ್ನು ನಮ್ಮ ಮಗ್ಗುಲಲ್ಲಿಯೇ ಇರುವ ಕಲ್ಯಾಣದ ಮಾತು. ಹನ್ನೆರಡನೆಯ ಶತಮಾನದ ಶರಣರ ನಡುವೆ ಷಟ್‌ಸ್ಥಲ ಜ್ಞಾನದಲ್ಲಿ ಅಗ್ರಗಣ್ಯನೆಂದು ಮನ್ನಣೆ ಪಡೆದವನು ಬಸವಣ್ಣನವರ ಸೋದರಳಿಯನಾದ ಚೆನ್ನಬಸವಣ್ಣ, ವಯಸ್ಸಿನಲ್ಲಿ ಹಲವು ಹಿರಿಯ ಶರಣರಿಗಿಂತ ಎಳೆಯನು. ಅವನ ಎಳೆತನ ಆ ಮನ್ನಣೆಗೆ ಅಡ್ಡಬರಲಿಲ್ಲ. ಹೀಗಿರುವಾಗ ಸೇವಾಪಟ್ಟಿಯ ಕ್ರಮವನ್ನು ಸಂಪ್ರದಾಯವೆಂದು ಸಾಧಿಸುವುದು, ಕಚೇರಿಯ ಅನುಕೂಲಕ್ಕೆ ಧರ್ಮದ ಹೊದಿಕೆಯನ್ನು ಹೊದಿಸಿದಂತೆಯೇ ಸರಿ.

ನಾನು ಹಿರಿಯ ಸಿಸ್ಟರುಗಳನ್ನು ದೂಷಿಸುತ್ತಿರುವೆನೆಂದು ಯಾರೂ ತಿಳಿಯಬಾರದು. ಇನ್‌ಚಾರ್ಜ್ ಸಿಸ್ಟರ್ ಬೆಳಗ್ಗೆ ಬಂದೊಡನೆ ಔಷಧದ ಕಪಾಟಿನ ಕೀಲಿ, ಇಂಡೆಂಟು, ಬಟ್ಟೆಯ ಲೆಕ್ಕ, ಆಯಾಗಳ ಗೈರುಹಾಜರಿ, ರೌಂಡಿಗೆ ಬರುವ ಡಾಕ್ಟರು, ಆನ್‌ಲೈನ್ ದಾಖಲೆ, ಮೇಲಧಿಕಾರಿಯ ತಪಾಸಣೆ ಇವೆಲ್ಲಕ್ಕೂ ಉತ್ತರ ಹೇಳಬೇಕಾದವರು. ಅವರನ್ನು ಹಾಸಿಗೆಯ ಪಕ್ಕದಿಂದ ಮೇಜಿನ ಹಿಂದಕ್ಕೆ ಎಳೆದುಕೊಂಡು ಹೋದವರು ನಾವೇ. ಮೇಜಿನ ಹಿಂದೆ ಕುಳಿತವರಿಂದ ಹಾಸಿಗೆಯ ಪಕ್ಕದ ವಿದ್ಯೆಯನ್ನು ಬೇಡುವುದೂ, ಅದು ದೊರೆಯದಿದ್ದಾಗ ‘ಈಗಿನ ಸಿಸ್ಟರುಗಳಿಗೆ ಆಸಕ್ತಿಯಿಲ್ಲ’ ಎಂದು ಗೊಣಗುವುದೂ ಎರಡು ಸಲ ಮಾಡಿದ ಅನ್ಯಾಯ. ಅವರಲ್ಲಿ ಕಲಿಸುವ ಒಲವಿದ್ದವರು ಇಲ್ಲವೆಂದೇನೂ ಅಲ್ಲ. ಇದ್ದಾರೆ, ಬಹಳ ಒಳ್ಳೆಯವರಿದ್ದಾರೆ. ಅಂಥವರನ್ನು ಆರಿಸಿಕೊಳ್ಳಬೇಕು ಎಂಬುದೇ ನನ್ನ ಮಾತು. ಹಿರಿತನ ಆಯ್ಕೆಗೆ ಅಡ್ಡಿಯಾಗಕೂಡದು, ಆಯ್ಕೆಯ ಬದಲಿಗೂ ನಿಲ್ಲಕೂಡದು.

‘ಕೆಲಸ ಮಾಡುತ್ತ ಕಲಿಯುತ್ತಾರೆ’ ಎಂಬ ಮಾತು ಇದಕ್ಕಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಕ್ರಿಮಿಯಾ ಯುದ್ಧದ ತರುವಾಯ ಜನರು ಕೂಡಿಸಿಕೊಟ್ಟ ನಿಧಿಯಿಂದ ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶಾಲೆಯನ್ನು ತೆರೆದಾಗ ಅದರ ತಳಹದಿಯೇ ವಾರ್ಡಿನಲ್ಲಿ ಕಲಿಯುವುದು. ಅದನ್ನೇ ನಮ್ಮವರು ಆದರ್ಶವಾಗಿ ಎತ್ತಿ ಹೇಳುತ್ತಾರೆ. ಆದರೆ ಆ ಕಥೆಯ ಉತ್ತರಾರ್ಧವನ್ನು ಹೇಳುವವರು ಕಡಮೆ. ಶಾಲೆ ನಡೆದು ಹತ್ತು ಹನ್ನೆರಡು ವರ್ಷಗಳ ಮೇಲೆ ನೈಟಿಂಗೇಲರು ಒಳಹೊಕ್ಕು ವಿಚಾರಿಸಿದಾಗ ಕಂಡುದು ಏನು? ಪಾಠ ಹೇಳಬೇಕಾಗಿದ್ದ ವೈದ್ಯರು ಪಾಠಗಳನ್ನು ಕೈಬಿಟ್ಟಿದ್ದರು. ವಿದ್ಯಾರ್ಥಿನಿಯರು ಆಸ್ಪತ್ರೆಗೆ ಅಗ್ಗದ ಕೈಗಳಾಗಿ ಬಳಕೆಯಾಗುತ್ತಿದ್ದರು. ವಾರ್ಡು ತನ್ನ ಕೆಲಸವನ್ನು ಮಾಡಿಸಿಕೊಂಡಿತೇ ಹೊರತು ಕಲಿಸಿರಲಿಲ್ಲ. ಆಗ ಅವರು ವಿದ್ಯಾರ್ಥಿನಿಯರ ಕಲಿಕೆಯನ್ನು ನೋಡಿಕೊಳ್ಳುವುದಕ್ಕೆಂದೇ ‘ಹೋಮ್ ಸಿಸ್ಟರ್’ ಎಂಬ ಹುದ್ದೆಯನ್ನು ನಿರ್ಮಿಸಬೇಕಾಯಿತು. ಆಧುನಿಕ ಶುಶ್ರೂಷೆಯ ಮಾತೃಸಂಸ್ಥೆಯಲ್ಲಿಯೇ, ಸ್ಥಾಪಕಿ ಬದುಕಿರುವಾಗಲೇ, ಮೇಲ್ವಿಚಾರಣೆಯಿಲ್ಲದ ವಾರ್ಡು ಗುರುವಾಗಲಾರದೆಂಬುದು ಹೀಗೆ ಸಿದ್ಧವಾಯಿತು. ನಾವು ನೂರೈವತ್ತು ವರ್ಷಗಳ ಮೇಲೆ ಉದಗೀರದಲ್ಲಿ ಕುಳಿತು ಅದನ್ನೇ ಮತ್ತೊಮ್ಮೆ ಪ್ರಯೋಗ ಮಾಡಿ ನೋಡಬೇಕೇ?

ನಮ್ಮ ದೇಶದಲ್ಲಿ ಈ ಅರ್ಧಸತ್ಯಕ್ಕೆ ಬಲ ಬಂದುದು ಕೊರತೆಯಿಂದ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಇದ್ದ ದಾದಿಯರು ಸುಮಾರು 7,000. ಮೂವತ್ತು ಕೋಟಿ ಜನಕ್ಕೆ ಏಳು ಸಾವಿರ! ಅಂತಹ ಬರದಲ್ಲಿ ವಿದ್ಯಾರ್ಥಿನಿಯರ ಕೈಗಳಿಂದ ವಾರ್ಡುಗಳನ್ನು ನಡೆಸಿದುದು ಆಪದ್ಧರ್ಮವಾಗಿದ್ದಿರಬಹುದು. ಆಪದ್ಧರ್ಮ ಕ್ರಮೇಣ ನಿತ್ಯಧರ್ಮವಾಗಿ, ನಿತ್ಯಧರ್ಮ ಶಿಕ್ಷಣಸಿದ್ಧಾಂತವಾಗಿ ಮೆರೆಯತೊಡಗಿದ್ದು ಮಾತ್ರ ನಮ್ಮ ದೋಷ. ಮೊದಲ ವರ್ಷದ ಹುಡುಗಿ ಆರು ವಾರ ಹಾಸಿಗೆ ಹಾಸಿ, ಬಿ.ಪಿ. ಬರೆದು, ಸಲೈನ್ ಬಾಟಲಿ ಬದಲಿಸಿ, ಡಾಕ್ಟರು ಕರೆದಲ್ಲಿಗೆ ಓಡಿ, ಕಡೆಯ ದಿನ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡು ಹಾಸ್ಟೆಲಿಗೆ ಮರಳುತ್ತಾಳೆ. ಅವಳು ದುಡಿದಳೆಂಬುದು ನಿಜ. 500 ಮಿಲಿಲೀಟರಿನ ಬಾಟಲಿ 8 ಗಂಟೆಯಲ್ಲಿ ಮುಗಿಯಬೇಕಾದರೆ, 20 ಹನಿಗೆ ಒಂದು ಮಿಲಿಲೀಟರಾಗುವ ಸೆಟ್ಟಿನಲ್ಲಿ ನಿಮಿಷಕ್ಕೆ 21 ಹನಿ ಬೀಳಬೇಕೆಂಬ ಲೆಕ್ಕವನ್ನು, ಮುದುಕರ ದುರ್ಬಲ ಹೃದಯಕ್ಕೆ ಅದೇ ಬಾಟಲಿ ಎರಡು ಗಂಟೆಯಲ್ಲಿ ಇಳಿದರೆ ಏನಾಗುತ್ತದೆಂಬ ಭಯವನ್ನು ಅವಳಿಗೆ ಯಾರಾದರೂ ಬಾಟಲಿಯ ಕೆಳಗೆ ನಿಲ್ಲಿಸಿ, ಗಡಿಯಾರವನ್ನು ಕೈಗೆ ಕೊಟ್ಟು ತಿಳಿಸಿದರೇ? ಆ ನಿಂತ ಐದು ನಿಮಿಷಗಳೇ ಕಲಿಕೆ. ಅವು ಪಟ್ಟಿಯಿಂದ ಹುಟ್ಟುವುದಿಲ್ಲ.

ಇಷ್ಟು ಹೇಳಿದ ಕೂಡಲೇ ಸುಧಾರಕರಲ್ಲಿ ಒಂದು ವರ್ಗ, ‘ಹಾಗಾದರೆ ಕಾಲೇಜಿನಿಂದ ಎಂ.ಎಸ್ಸಿ. ಆದ ಟ್ಯೂಟರುಗಳನ್ನು ಕಳುಹಿಸೋಣ’ ಎನ್ನುತ್ತದೆ. ಪದವಿಗೆ ನನ್ನ ಗೌರವ ಕಡಮೆಯಿಲ್ಲ. ಶಾಸ್ತ್ರವಿಲ್ಲದ ಕರ್ಮ ಕುರುಡು. ಆದರೆ ವಾರ್ಡಿಗೆ ಅತಿಥಿಯಾಗಿ ಹತ್ತು ಗಂಟೆಗೆ ಬಂದು, ಹಾಜರಿ ಹಾಕಿ, ಒಂದು ಕೇಸ್ ಪ್ರೆಸೆಂಟೇಷನ್ ಕೇಳಿ ಹನ್ನೊಂದೂವರೆಗೆ ಹೊರಡತಕ್ಕವರಿಗೆ ಆ ರೋಗಿಯ ರಾತ್ರಿ ಗೊತ್ತಿಲ್ಲ, ಆ ವಾರ್ಡಿನ ಸಿಸ್ಟರುಗಳ ಮೇಲೆ ಅಧಿಕಾರವಿಲ್ಲ. ವಿದ್ಯಾರ್ಥಿನಿ ತಪ್ಪು ಮಾಡುವ ಹೊತ್ತಿಗೆ ಅವರು ಅಲ್ಲಿರುವುದೂ ಇಲ್ಲ. ಹಿರಿತನದ ಪಟ್ಟಿಯ ಬದಲು ಪದವಿಯ ಪಟ್ಟಿಯನ್ನು ತಂದಿಟ್ಟರೆ ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆ. ಮರಾಠವಾಡದ ಅಂಚಿನ ಜಾಮಖೇಡದಲ್ಲಿ ರಜನೀಕಾಂತ ಮತ್ತು ಮೇಬೆಲ್ ಆರೋಳೆ ದಂಪತಿಗಳು 1970ರಲ್ಲಿ ಆರಂಭಿಸಿದ ಗ್ರಾಮಾರೋಗ್ಯ ಕಾರ್ಯವನ್ನು ನೋಡಿದವರಿಗೆ ಇದು ಹೊಸ ಮಾತಾಗದು. ಅಲ್ಲಿ ಅಕ್ಷರ ಬಾರದ ಹಳ್ಳಿಯ ಹೆಂಗಸರು, ಹಲವರು ದಲಿತ ಕುಟುಂಬದವರು, ಹೆರಿಗೆ ಮಾಡಿಸುವುದನ್ನೂ ಕುಷ್ಠ, ಕ್ಷಯಗಳನ್ನು ಗುರುತಿಸುವುದನ್ನೂ ಕಲಿತರು; ಮೊದಲು ಕಲಿತವರು ಹೊಸದಾಗಿ ಬಂದವರಿಗೆ ಕಲಿಸಿದರು. ನರ್ಸಿಂಗ್ ಶಿಕ್ಷಣವನ್ನು ಹಾಗೆಯೇ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಅದರ ಶಾಸ್ತ್ರಭಾಗ ಬೇರೆ. ಆದರೆ ಕಲಿಸುವ ಶಕ್ತಿ ಯಾವ ಪ್ರಮಾಣಪತ್ರದ ಜೊತೆಗೂ ತಪ್ಪದೆ ಬರುವುದಿಲ್ಲ, ಅದನ್ನು ಹುಡುಕಿ ಗುರುತಿಸಬೇಕು ಎಂಬುದಕ್ಕೆ ಜಾಮಖೇಡ ನಮ್ಮ ನೆರೆಯಲ್ಲಿಯೇ ನಿಂತ ಸಾಕ್ಷಿ.

ಈಗ ಸಹಿಯ ವಿಷಯ. ಲಾಗ್‌ಬುಕ್ಕಿನ ಒಂದೊಂದು ಸಹಿಯೂ ‘ಈಕೆ ಈ ಕೆಲಸವನ್ನು ಒಬ್ಬಳೇ ಮಾಡಬಲ್ಲಳು’ ಎಂದು ಸಮಾಜಕ್ಕೆ ಕೊಟ್ಟ ವಚನ. ಅದು ಹೇಗೆ ಬೀಳುತ್ತದೆಂಬುದನ್ನು ಎಲ್ಲರೂ ಬಲ್ಲರು. ಪೋಸ್ಟಿಂಗ್ ಮುಗಿಯುವ ಸಂಜೆ ಹತ್ತು ಹನ್ನೆರಡು ಪುಸ್ತಕಗಳು ಮೇಜಿನ ಮೇಲೆ ಗುಡ್ಡೆಯಾಗುತ್ತವೆ. ಸಿಸ್ಟರು ದಾಖಲೆ ಬರೆಯುತ್ತಲೇ ಪುಟ ತಿರುಗಿಸಿ ಸಹಿ ಮಾಡುತ್ತಾರೆ. ಯಾವ ಹುಡುಗಿ ಕ್ಯಾಥೆಟರ್ ಹಾಕಿದಳು, ಯಾರು ದೂರ ನಿಂತು ನೋಡಿದರು ಎಂಬ ಭೇದ ಅಲ್ಲಿ ಅಳಿಸಿಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಕ್ಯಾಥ್ಲೀನ್ ಡಫಿ ಎಂಬವರು 2003ರಲ್ಲಿ ಮಾಡಿದ ಅಧ್ಯಯನದಲ್ಲಿ, ದುರ್ಬಲಳೆಂದು ತಿಳಿದಿದ್ದರೂ ವಿದ್ಯಾರ್ಥಿನಿಯನ್ನು ಅನುತ್ತೀರ್ಣಳನ್ನಾಗಿಸಲು ಮಾರ್ಗದರ್ಶಕರು ಹಿಂಜರಿಯುವುದೂ ಸಂಶಯದ ಲಾಭವನ್ನು ಕೊಟ್ಟು ಮುಂದಕ್ಕೆ ದಾಟಿಸುವುದೂ ಬಯಲಿಗೆ ಬಂತು. ದಾಖಲೆಯ ಶಿಸ್ತಿಗೆ ಹೆಸರಾದ ದೇಶದಲ್ಲಿಯೇ ಹೀಗಾದರೆ, ಹುಡುಗಿಯ ತಂದೆ ಸಂತೆಯಲ್ಲಿ ಎದುರಾಗುವ, ಶಾಲೆಯ ಆಡಳಿತದವರು ಆಸ್ಪತ್ರೆಯ ಬಳಗಕ್ಕೂ ಬೇಕಾದವರಾಗಿರುವ ನಮ್ಮ ತಾಲೂಕು ಊರುಗಳಲ್ಲಿ ಒಬ್ಬಳೇ ಸಿಸ್ಟರು ‘ಇವಳಿಗಿನ್ನೂ ಬಾರದು’ ಎಂದು ಬರೆಯಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿರಿ. ಬ್ರಿಟನ್ನಿನಲ್ಲಿ 2008ರ ನಿಯಮಗಳು ಒಬ್ಬ ಮೆಂಟರಿಗೆ ಒಂದು ಹೊತ್ತಿಗೆ ಮೂವರಿಗಿಂತ ಹೆಚ್ಚು ವಿದ್ಯಾರ್ಥಿಗಳಿರಕೂಡದೆಂದೂ, ವಾರ್ಡಿನಲ್ಲಿ ಕಳೆಯುವ ಕಾಲದ ಕನಿಷ್ಠ ಶೇಕಡಾ 40ರಷ್ಟು ಮೆಂಟರಿನ ಕಣ್ಣಳತೆಯಲ್ಲಿರಬೇಕೆಂದೂ, ಮೆಂಟರುಗಳ ಜೀವಂತ ಪಟ್ಟಿಯಿದ್ದು ಮೂರು ವರ್ಷಕ್ಕೊಮ್ಮೆ ಪುನಃಪರಿಶೀಲನೆಯಾಗಬೇಕೆಂದೂ ವಿಧಿಸಿದ್ದುವು. 2018ರಲ್ಲಿ ಅದನ್ನೂ ತಿದ್ದಿ, ದಿನನಿತ್ಯ ಕಲಿಸುವವರು ಬೇರೆ, ಅಳೆದು ತೀರ್ಪು ಕೊಡುವವರು ಬೇರೆ ಎಂದು ಕೆಲಸವನ್ನು ವಿಭಾಗಿಸಿದರು. ನಾವು ಅಲ್ಲಿಯ ಅಂಕಿಗಳನ್ನು ಹಾಗೆಯೇ ಹೊತ್ತು ತರಬೇಕಾಗಿಲ್ಲ. ವಿಭಜನೆಯ ಹಿಂದಿನ ನ್ಯಾಯವನ್ನಂತೂ ತರಬಹುದು: ಪ್ರೀತಿಯಿಂದ ಕಲಿಸಿದವಳ ಕೈಯಿಂದಲೇ ಕಠಿನ ತೀರ್ಪನ್ನು ಬೇಡಬಾರದು; ಆ ತೀರ್ಪಿಗೆ ಎರಡನೆಯ ಕಣ್ಣು, ಎರಡನೆಯ ಸಹಿ ಇರಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಯಾವ ನಿಯಮಾವಳಿಯಲ್ಲಿಯೂ ಪ್ರಸ್ತಾಪವಾಗದ ಒಂದು ಯೋಗ್ಯತೆ. ನಮ್ಮ ವಾರ್ಡುಗಳಲ್ಲಿ ಪಠ್ಯ ಇಂಗ್ಲಿಷಿನಲ್ಲಿ, ಆಡಳಿತ ಮರಾಠಿಯಲ್ಲಿ; ರೋಗಿಯ ಸಂಕಟ ಮಾತ್ರ ಕನ್ನಡದಲ್ಲಿ, ದಖನಿಯಲ್ಲಿ, ತಾಂಡಾದ ಲಂಬಾಣಿ ಮಾತಿನಲ್ಲಿ. ಔರಾದ ಕಡೆಯಿಂದ ಬಂದು ತೊಡೆಯ ಮೂಳೆಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬ ವೃದ್ಧೆಯನ್ನು ಕಲ್ಪಿಸಿಕೊಳ್ಳಿರಿ. ಬೆಳಗಿನ ರೌಂಡಿನಲ್ಲಿ ಮರಾಠಿಯಲ್ಲಿ ಕೇಳಿದ ಪ್ರಶ್ನೆಗಳಿಗೆಲ್ಲ ಆಕೆ ತಲೆಯಾಡಿಸಿದ್ದಾಳೆ. ಕಾಗದದ ಮೇಲೆ ಎಲ್ಲವೂ ಸ್ಥಿರ. ಹಾಸಿಗೆ ಸರಿಮಾಡಲು ಬಂದ ವಿದ್ಯಾರ್ಥಿನಿಯ ಬಾಯಲ್ಲಿ ಕನ್ನಡ ಕೇಳಿದೊಡನೆ, ‘ರಾತ್ರಿಯಿಂದ ಒಂದಕ್ಕ ಹೋಗಿಲ್ಲವ್ವ, ಕೆಳಹೊಟ್ಟಿ ಬಿಗದದ’ ಎನ್ನುತ್ತಾಳೆ. ಆ ಹುಡುಗಿಗೆ ಮಾತು ತಿಳಿಯಿತು, ಅದರ ಗುರುತ್ವ ತಿಳಿಯಲಿಲ್ಲ. ತಿಳಿದರೂ, ಮನೆಮಾತಿನಲ್ಲಿ ಕೇಳಿದ್ದನ್ನು ಮೇಜಿನವರೆಗೆ ಒಯ್ದು ಹೇಳುವ ಎದೆ ಅವಳಿಗಿಲ್ಲ, ಏಕೆಂದರೆ ವಾರ್ಡಿನಲ್ಲಿ ಕನ್ನಡ ಆಡುವುದೇ ಹಿಂದುಳಿದವಳ ಲಕ್ಷಣವೆಂದು ಅವಳು ಮೊದಲ ವಾರದಲ್ಲಿಯೇ ತಿಳಿದುಕೊಂಡಿದ್ದಾಳೆ. ಯೋಗ್ಯಳಾದ ಮಾರ್ಗದರ್ಶಕಿ ಅಲ್ಲಿದ್ದರೆ ಏನು ಮಾಡುತ್ತಿದ್ದಳು? ಪರದೆ ಎಳೆದು, ವೃದ್ಧೆಯ ಅಪ್ಪಣೆ ಕೇಳಿ, ಹುಡುಗಿಯ ಅಂಗೈಯನ್ನು ಹೊಕ್ಕುಳ ಕೆಳಗೆ ಮೆಲ್ಲನೆ ಇರಿಸಿ, ಉಬ್ಬಿ ನಿಂತ ಮೂತ್ರಾಶಯದ ದುಂಡನ್ನು ಮುಟ್ಟಿಸಿ, ಬೆರಳಿನಿಂದ ತಟ್ಟಿ ಮಂದವಾದ ಶಬ್ದವನ್ನು ಕೇಳಿಸಿ, ಆಮೇಲೆ ಅವಳಿಂದಲೇ ಡಾಕ್ಟರಿಗೆ ಹೇಳಿಸುತ್ತಿದ್ದಳು. ಅಷ್ಟರಿಂದ ಆ ರೋಗಿಯ ಕಷ್ಟ ನೀಗುತ್ತಿತ್ತು; ಆ ಹುಡುಗಿಗಂತೂ ತನ್ನ ತಾಯ್ನುಡಿಯೂ ಶುಶ್ರೂಷೆಯ ಒಂದು ಉಪಕರಣವೆಂಬ ಅರಿವು ಆಜೀವವಾಗಿ ಉಳಿಯುತ್ತಿತ್ತು. ಸೀಮೆಯ ಆಸ್ಪತ್ರೆಯಲ್ಲಿ ಮೆಂಟರನ್ನು ಆರಿಸುವವರು, ಈಕೆಗೆ ರೋಗಿಗಳ ಮಾತು ಬರುತ್ತದೆಯೇ, ಬಾರದಿದ್ದರೆ ಬರುವ ವಿದ್ಯಾರ್ಥಿನಿಯನ್ನು ಗೌರವದಿಂದ ಬಳಸಿಕೊಳ್ಳುವ ದೊಡ್ಡತನವಿದೆಯೇ ಎಂದು ಕೇಳಲೇಬೇಕು. ಇದು ಭಾಷಾಭಿಮಾನದ ಜಗಳವಲ್ಲ. ಲಾತೂರಿನಿಂದ ಬಂದ ಮರಾಠಿ ಸಿಸ್ಟರೊಬ್ಬರು ನಾಲ್ಕು ಕನ್ನಡ ಮಾತು ಕಲಿತು ಈ ಯೋಗ್ಯತೆಯನ್ನು ಪಡೆಯಬಲ್ಲರು. ಕನ್ನಡದ ಮನೆಯಲ್ಲಿ ಹುಟ್ಟಿಯೂ ಅದನ್ನು ವಾರ್ಡಿನ ಬಾಗಿಲಲ್ಲಿ ಕಳಚಿಟ್ಟು ಬರುವವರು ಕಳೆದುಕೊಳ್ಳಬಲ್ಲರು.

‘ಇದೆಲ್ಲ ಸರಿ, ಆದರೆ ಸಿಬ್ಬಂದಿ ಎಲ್ಲಿದ್ದಾರೆ?’ ಎಂಬುದು ಕಡೆಯ ಆಕ್ಷೇಪ. ನಾನು ಅತ್ಯಂತ ಗಂಭೀರವಾಗಿ ಪರಿಗಣಿಸುವುದೂ ಇದನ್ನೇ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾಸ್ಪತ್ರೆಯಲ್ಲಿ 3 ರೋಗಿಗಳಿಗೆ 1, ಸಾಮಾನ್ಯ ಆಸ್ಪತ್ರೆಯಲ್ಲಿ 5ಕ್ಕೆ 1 ದಾದಿ ಇರಬೇಕು. ರಾತ್ರಿ ಒಬ್ಬಳೇ ಒಂದು ಇಡೀ ವಾರ್ಡನ್ನು ಕಾಯುವ ಕಡೆಗಳಲ್ಲಿ ಈ ಅಂಕಿಯನ್ನು ಓದಿದರೆ ಕಣ್ಣು ತುಂಬುತ್ತದೆ. ಆದರೂ ಕೊರತೆಯಿರುವುದರಿಂದ ಆಯ್ಕೆ ಬೇಡವೆಂಬುದು ತಲೆಕೆಳಗಾದ ತರ್ಕ. ನೀರು ಕಡಮೆಯಿರುವ ಊರಿನಲ್ಲಿಯೇ ಅಲ್ಲವೇ ಅದನ್ನು ಎಲ್ಲಿಗೆ ಹಾಯಿಸಬೇಕೆಂದು ಹೆಚ್ಚು ಯೋಚಿಸುವುದು? ಹತ್ತು ಸಿಸ್ಟರುಗಳಿಗೆ ಅರೆಬರೆಯಾಗಿ ಕಲಿಸುವ ಹೊರೆ ಹೊರಿಸುವುದಕ್ಕಿಂತ, ಮೂವರನ್ನು ಆರಿಸಿ, ಅವರ ಹಾಸಿಗೆಗಳ ಸಂಖ್ಯೆಯನ್ನು ಇಳಿಸಿ, ತಲಾ ಮೂರು ನಾಲ್ಕು ವಿದ್ಯಾರ್ಥಿನಿಯರನ್ನು ಒಪ್ಪಿಸುವುದರಲ್ಲಿ ಹೆಚ್ಚು ಸಿಬ್ಬಂದಿಯ ಅವಶ್ಯಕತೆಯೇನೂ ಇಲ್ಲ. ವಿದ್ಯಾರ್ಥಿನಿಯ ಡ್ಯೂಟಿಪಟ್ಟಿಯನ್ನು ವಾರ್ಡಿಗೆ ಕಟ್ಟುವುದನ್ನು ಬಿಟ್ಟು ಮಾರ್ಗದರ್ಶಕಿಗೆ ಕಟ್ಟಬೇಕು. ಈಗ ನಡೆಯುವಂತೆ ಹುಡುಗಿಯರು ತಿಂಗಳಿಡೀ ಬೆಳಗಿನ ಪಾಳಿ, ಅವರ ಮೆಂಟರ್ ಎನಿಸಿಕೊಂಡವರು ಅದರಲ್ಲಿ ಅರ್ಧ ಕಾಲ ರಾತ್ರಿಪಾಳಿ, ಮಿಕ್ಕುದರಲ್ಲಿ ರಜೆ. ಇಬ್ಬರೂ ಮುಖ ನೋಡದೆ ಪೋಸ್ಟಿಂಗ್ ಮುಗಿಯುತ್ತದೆ. ಆಕೆ ರಾತ್ರಿಪಾಳಿಗೆ ಹೋದರೆ ಶಿಷ್ಯೆಯೂ ಹೋಗಲಿ. ರಾತ್ರಿಯ ಮೂರು ಗಂಟೆಯ ವಾರ್ಡು ಕಲಿಸುವಷ್ಟನ್ನು ಬೆಳಗಿನ ಹತ್ತು ಗಂಟೆಯ ವಾರ್ಡು ಕಲಿಸದು. ವೇತನದ ಮಾತನ್ನೂ ಸಂಕೋಚವಿಲ್ಲದೆ ಆಡುತ್ತೇನೆ. ಖಾಸಗಿ ಶಾಲೆಗಳು ವಿದ್ಯಾರ್ಥಿನಿಯರಿಂದ ಶುಲ್ಕ ಪಡೆಯುತ್ತವೆ. ಅವರಿಗೆ ನಿಜವಾಗಿ ವಿದ್ಯೆ ಕೊಡುವ ವಾರ್ಡಿನ ಸಿಸ್ಟರಿಗೆ ಆ ಹಣದಲ್ಲಿ ಒಂದು ಕಾಸೂ ಸಲ್ಲುವುದಿಲ್ಲ. ಸಲ್ಲಿಸುವ ತನಕ ‘ಪವಿತ್ರ ಕರ್ತವ್ಯ’ ಎಂಬ ಮಾತನ್ನು ಶಾಲೆಯವರು ಆಡದಿರುವುದು ಮೇಲು. ಹಾಗೆಯೇ ಕೊಟ್ಟ ಗೌರವವನ್ನು ಹಿಂತೆಗೆಯುವ ಕ್ರಮವೂ ಬೇಕು: ವಿದ್ಯಾರ್ಥಿನಿಯರನ್ನು ರೋಗಿಗಳೆದುರು ಹೀಯಾಳಿಸುವವರನ್ನು, ಪ್ರಶ್ನೆ ಕೇಳಿದರೆ ಗದರುವವರನ್ನು, ಎಷ್ಟೇ ಕುಶಲರಾಗಿರಲಿ, ಈ ಕಾರ್ಯದಿಂದ ಬಿಡುಗಡೆ ಮಾಡತಕ್ಕದ್ದು. ಅಂಜಿದ ಹುಡುಗಿ ತನ್ನ ತಪ್ಪನ್ನು ಮುಚ್ಚಿಡುತ್ತಾಳೆ. ಔಷಧದ ತಪ್ಪು ಮುಚ್ಚಿಟ್ಟ ಗಂಟೆಗಳಲ್ಲಿಯೇ ಪ್ರಾಣಾಂತಿಕವಾಗುವುದು.

2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷೆ ಮತ್ತು ಪ್ರಸೂತಿ ಸಹಾಯ ಆಯೋಗದ ಕಾಯಿದೆಯನ್ನು ಮಾಡಿ 1947ರ ಹಳೆಯ ಕಾಯಿದೆಗೆ ಮಂಗಳ ಹಾಡುವ ಮಾರ್ಗವನ್ನು ತೆರೆದಿದೆ. ಹೊಸ ನಿಯಮಗಳು ಬರೆಯಲ್ಪಡುವ ಕಾಲವಿದು. ಮಾರ್ಗದರ್ಶಕಿಯ ಆಯ್ಕೆ, ಕಾಲ, ಭತ್ಯೆಗಳು ಅವುಗಳಲ್ಲಿ ಸ್ಪಷ್ಟವಾಗಿ ಸೇರಬೇಕೆಂದು ನಮ್ಮ ಸೀಮೆಯಿಂದ ಒತ್ತಾಯ ಹೋಗಬೇಕು. ಆದರೆ ಅದಕ್ಕಾಗಿ ಕಾಯುತ್ತ ಕೂಡಬೇಕಾಗಿಲ್ಲ. ಪ್ರತಿಯೊಂದು ಆಸ್ಪತ್ರೆಯ ಮೆಟ್ರನ್ನರೂ ಶಾಲೆಯ ಪ್ರಾಂಶುಪಾಲರೂ ಈ ವರ್ಷವೇ, ಕಡೆಯ ವರ್ಷ ಮುಗಿಸಿ ಹೊರಟ ಹುಡುಗಿಯರನ್ನು ಹೆಸರು ಬರೆಯದ ಚೀಟಿಯಲ್ಲಿ ಒಂದೇ ಪ್ರಶ್ನೆ ಕೇಳಲಿ: ರಾತ್ರಿಯಲ್ಲಿ ನಿನಗೆ ಸಂಶಯ ಬಂದಾಗ ಯಾರನ್ನು ಎಬ್ಬಿಸಿದೆ? ಹುಡುಗಿಯರಿಗೆ ತೂಗಿ ನೋಡುವ ಬುದ್ಧಿಯಿಲ್ಲವೆಂಬ ಅನುಮಾನವನ್ನು ಇಲ್ಲಿ ತರಬೇಡಿರಿ; ಸುಲಭವಾಗಿ ಸಹಿ ಹಾಕುವವರು ಬೇರೆ, ಕೈ ನಡುಗುವಾಗ ಕರೆಯತಕ್ಕವರು ಬೇರೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಆ ಚೀಟಿಗಳಲ್ಲಿ ಮೂರು ನಾಲ್ಕು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಒಂದೆರಡು ಹಿರಿಯರವೇ ಆಗಿರಬಹುದು. ಉಳಿದವು ಬಹುಶಃ ಸೇವಾಪಟ್ಟಿಯಲ್ಲಿ ಹೆಸರೇ ಇಲ್ಲದ, ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಗುತ್ತಿಗೆಯ ಮೇಲೆ ಬಂದ ಎಳೆಯ ಸಿಸ್ಟರುಗಳವು. ಅಂತಹವಳ ಗುತ್ತಿಗೆಯನ್ನು ನವೀಕರಿಸುವ ಕಡತ ಯಾವ ಮೇಜಿನ ಮೇಲಿದೆಯೆಂದು ವಿಚಾರಿಸಿ ಮೊದಲು ಅದನ್ನು ಕೈಗೆತ್ತಿಕೊಳ್ಳಬೇಕು.